ಸ್ಟುಟ್‌ಗಾರ್ಟಿಗೆ ಹೊಸದಾಗಿ ಬಂದವರಿಗೆ: ಇಲ್ಲಿನ ಅಡ್ಡಹೆಸರುಗಳ, ಅಂದರೆ ಸರ್‌ನೇಮ್‌ಗಳ ಬಗ್ಗೆ

ನಿಮ್ಮ ಪತ್ರ ಓದಿದೆ. ಜರ್ಮನಿಗೆ ಬಂದು ಇನ್ನೂ ತಿಂಗಳಾಗಿಲ್ಲ. ಆಫೀಸಿನ ಮೇಲ್‌ನಲ್ಲಿ, ಬ್ಯಾಂಕಿನ ಕಾಗದದಲ್ಲಿ, ಡಾಕ್ಟರ ಕ್ಲಿನಿಕ್‌ನಲ್ಲಿ ಎಲ್ಲರೂ ನಿಮ್ಮನ್ನು ‘ಹೆರ್ ಶಿವಣ್ಣ’, ಅಂದರೆ ಶ್ರೀ ಶಿವಣ್ಣ, ಅನ್ನುತ್ತಿದ್ದಾರೆ. ಅದು ನಿಮ್ಮ ತಂದೆಯ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗದಲ್ಲಿ ಏಜೆಂಟ್ ಅದನ್ನೇ ತುಂಬಿಬಿಟ್ಟ. ‘ಅಪ್ಪನನ್ನೇ ಹೆಸರು ಹಿಡಿದು ಕರೆದ ಹಾಗಾಗುತ್ತೆ ಅಕ್ಕಾ, ಮುಜುಗರ. ಹೆಸರು ಬದಲಾಯಿಸಿಕೊಳ್ಳಲಾ?’ ಅಂತ ಕೇಳಿದ್ದೀರಿ. ಇಲ್ಲಿನವರ ಹೆಸರಿಗೂ ಜಾತಿ ಅಂಟಿಕೊಂಡಿದೆಯಾ, ನಾಳೆ ಹುಟ್ಟುವ ಮಗುವಿಗೆ ಯಾವ ಸರ್‌ನೇಮ್ ಬರೆಸಬೇಕು, ಇವೂ ನಿಮ್ಮ ಪ್ರಶ್ನೆಗಳು. ಅಕ್ಕಾ ಅಂದಿದ್ದೀರಿ, ಆ ಸಲಿಗೆಯಲ್ಲೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲನೆಯದಕ್ಕೆ ಉತ್ತರ: ಬದಲಾಯಿಸಬೇಡಿ. ನಿಮ್ಮ ಹೆಸರಿನಲ್ಲಿ ಯಾವ ಕೊರತೆಯೂ ಇಲ್ಲ. ಹೆಸರಿನ ಜೊತೆ ಅಪ್ಪನ ಹೆಸರು, ಊರಿನ ಹೆಸರು ಸೇರಿಸುವುದು ನಮ್ಮ ಪದ್ಧತಿ. ಯುರೋಪಿನವರೂ ನೂರಾರು ವರ್ಷ ಮಾಡಿದ್ದು ಅದನ್ನೇ. ಅವರಲ್ಲಿ ಅದು ಒಂದು ಕಾಲಕ್ಕೆ ಸರ್ಕಾರಿ ದಫ್ತರಕ್ಕೆ ಸೇರಿ ಅಲ್ಲೇ ನಿಂತುಹೋಯಿತು. ನಮ್ಮಲ್ಲಿ ಇನ್ನೂ ತಲೆಮಾರಿಗೊಮ್ಮೆ ಬದಲಾಗುತ್ತಿದೆ. ಇಷ್ಟು ತಿಳಿದರೆ ನಿಮ್ಮ ಮುಜುಗರ ಅರ್ಧ ಕಡಿಮೆಯಾಗುತ್ತದೆ.

ಆದರೆ ಅದಕ್ಕೂ ಮೊದಲು ಒಂದು ತುರ್ತು ಕೆಲಸ. ನಿಮ್ಮ ಕಟ್ಟಡದ ಬಾಗಿಲಲ್ಲಿ ಕರೆಗಂಟೆಗಳ ಸಾಲು ಇದೆಯಲ್ಲ, ಅದರಲ್ಲೂ ಅಂಚೆ ಡಬ್ಬಿಯ ಮೇಲೂ ನಿಮ್ಮ ಹೆಸರು ಹಾಕಿಸಿದ್ದೀರಾ? ಇಲ್ಲಿ ಹೆಚ್ಚಿನ ಕಟ್ಟಡಗಳಲ್ಲಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಹುಡುಕುವುದು ಸರ್‌ನೇಮನ್ನು. ಡಬ್ಬಿಯ ಮೇಲೆ ಹೆಸರು ಸಿಗದಿದ್ದರೆ ಕಾಗದ ವಾಪಸ್. ನಿಮ್ಮ ತೆರಿಗೆ ನಂಬರ್, ಬ್ಯಾಂಕ್ ಕಾರ್ಡ್, ವಿಮೆ ಕಾರ್ಡ್ ಎಲ್ಲಾ ಬರುವುದು ಅಂಚೆಯಲ್ಲೇ. ಹಿಂದಿನ ಬಾಡಿಗೆದಾರರ ಹೆಸರು ಹಾಗೇ ಇದ್ದರೆ ಇವತ್ತೇ ಮನೆ ಮಾಲೀಕರಿಗೆ ಹೇಳಿ. ಪಾಸ್‌ಪೋರ್ಟಿನಲ್ಲಿರುವ ಎರಡೂ ಹೆಸರು ಬರೆಸಿ. ಈ ಹೆಸರಿನ ಫಲಕ ಇಲ್ಲಿ ಎಷ್ಟು ಮುಖ್ಯ ಅನ್ನುವುದಕ್ಕೆ 2018ರ ಒಂದು ಗಲಾಟೆ ಸಾಕ್ಷಿ. ಯುರೋಪಿನ ಹೊಸ ಖಾಸಗಿತನದ ಕಾನೂನಿಗೆ ಹೆದರಿ ವಿಯೆನ್ನಾ ನಗರದ ವಸತಿ ಇಲಾಖೆ ಸುಮಾರು 2,20,000 ಮನೆಗಳ ಕರೆಗಂಟೆಯಿಂದ ಹೆಸರು ತೆಗೆಯಲು ಹೊರಟಿತು. ಜರ್ಮನಿಯಲ್ಲೂ ಅದೇ ಚರ್ಚೆ ಎದ್ದಿತು. ಕೊನೆಗೆ ಇಲ್ಲಿನ ಅಧಿಕಾರಿಗಳು ಅದೆಲ್ಲ ಬೇಕಿಲ್ಲ ಅಂದರು. ಹೆಸರುಗಳು ಉಳಿದುಕೊಂಡವು.

ಈಗ ಆ ಫಲಕವನ್ನೇ ಒಮ್ಮೆ ನಿಂತು ಓದಿ. ಮುಲ್ಲರ್, ಶ್ನೈಡರ್, ವೇಬರ್, ವಾಗ್ನರ್, ಬೆಕ್, ನೊಯ್‌ಮನ್. ಅಕ್ಷರ ಕೂಡಿಸಿ ಓದುವುದೇ ಕಷ್ಟ ಅಂದಿರಲ್ಲ, ಅರ್ಥ ತಿಳಿದರೆ ಬೇಗ ನೆನಪಿರುತ್ತದೆ. ಮುಲ್ಲರ್ ಅಂದರೆ ಹಿಟ್ಟಿನ ಗಿರಣಿಯವನು. ಶ್ನೈಡರ್ ದರ್ಜಿ. ವೇಬರ್ ನೇಕಾರ. ವಾಗ್ನರ್ ಬಂಡಿ ಮಾಡುವವನು. ಬೆಕ್ ರೊಟ್ಟಿ ಸುಡುವವನು. ನೊಯ್‌ಮನ್ ಊರಿಗೆ ಹೊಸದಾಗಿ ಬಂದವನು, ಅಂದರೆ ಈಗ ನೀವು. ನಿಮಗೆ ಗೊತ್ತಿರುವ ದೊಡ್ಡ ಹೆಸರುಗಳೂ ಹೀಗೇ. ಮೈಕೆಲ್ ಶುಮಾಕರ್ ಹೆಸರಿನಲ್ಲಿರುವುದು ಚಪ್ಪಲಿ ಹೊಲಿಯುವ ಕಸುಬು. ಬೋರಿಸ್ ಬೆಕರ್ ಹೆಸರಿನಲ್ಲಿರುವುದು ಬೇಕರಿ.

ಹನ್ನೆರಡನೇ ಶತಮಾನದ ಹೊತ್ತಿಗೆ ಇಲ್ಲಿ ಊರುಗಳು ಬೆಳೆದು ಪಟ್ಟಣಗಳಾಗುತ್ತಿದ್ದವು. ಅಲ್ಲಿಯವರೆಗೆ ಜನರಿಗೆ ಒಂದೇ ಹೆಸರು. ಅದೂ ಕೆಲವೇ ಹೆಸರುಗಳು ಬಳಕೆಯಲ್ಲಿದ್ದವು. ಎಲ್ಲಿ ನೋಡಿದರೂ ಹಾನ್ಸ್, ಹೈನ್ರಿಕ್, ಕೊನ್ರಾಡ್. ಹೈನ್ರಿಕ್‌ನ ಮೊಟಕು ರೂಪ ಹಿಂಟ್ಸ್, ಕೊನ್ರಾಡ್‌ನದು ಕುಂಟ್ಸ್. ಇವತ್ತಿಗೂ ದಾರಿಹೋಕರೆಲ್ಲ ಅನ್ನಬೇಕಾದರೆ ಇಲ್ಲಿನವರು ‘ಹಿಂಟ್ಸ್ ಉಂಡ್ ಕುಂಟ್ಸ್’ ಅನ್ನುತ್ತಾರೆ. ನಮ್ಮ ಕಡೆಯ ಅಣ್ಣಪ್ಪ ತಿಮ್ಮಪ್ಪ ಇದ್ದ ಹಾಗೆ. ಒಂದೇ ಬೀದಿಯಲ್ಲಿ ಐದು ಜನ ಹಾನ್ಸ್ ಇದ್ದರೆ ತೆರಿಗೆ ಯಾರ ಲೆಕ್ಕಕ್ಕೆ ಬರೆಯುವುದು? ಹೊಲ ಯಾರ ಮಗನಿಗೆ ಹೋಗಬೇಕು? ಆಗ ಜನ ಗುರುತಿಗೆ ಒಂದು ಮಾತು ಸೇರಿಸಿದರು. ಗಿರಣಿ ಹಾನ್ಸ್, ಗುಂಗುರು ಕೂದಲಿನ ಹಾನ್ಸ್, ಬೆಟ್ಟದ ಮೇಲಿನ ಹಾನ್ಸ್, ಪೇಟರನ ಮಗ ಹಾನ್ಸ್. ಈ ಹೆಸರನ್ನು ಅವರು ತಾವೇ ಇಟ್ಟುಕೊಂಡದ್ದು ಕಡಿಮೆ, ಸುತ್ತಲಿನವರು ಇಟ್ಟದ್ದೇ ಜಾಸ್ತಿ.

ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಆಗಿನ ಕಾಲದಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಮಂದಿ ರೈತರು. ಹಾಗಿದ್ದರೆ ದೇಶದಲ್ಲಿ ಅತಿ ಹೆಚ್ಚು ಇರುವ ಹೆಸರು ಬೌವರ್, ಅಂದರೆ ರೈತ, ಆಗಬೇಕಿತ್ತಲ್ಲವೇ? ಆದರೆ ಜರ್ಮನಿಯ ಮೊದಲನೇ ಹೆಸರು ಮುಲ್ಲರ್. ಎರಡನೆಯದು ಶ್ಮಿಟ್, ಅಂದರೆ ಕಮ್ಮಾರ. ಯೋಚಿಸಿದರೆ ಕಾರಣ ಸುಲಭ. ಎಲ್ಲರೂ ರೈತರಾಗಿರುವ ಹಳ್ಳಿಯಲ್ಲಿ ‘ರೈತ ಹಾನ್ಸ್’ ಅಂದರೆ ಯಾರು ಅಂತ ತಿಳಿಯುವುದಿಲ್ಲ. ಹಳ್ಳಿಗೆ ಗಿರಣಿ ಇದ್ದದ್ದು ಒಂದೇ, ಕುಲುಮೆ ಇದ್ದದ್ದು ಒಂದೇ. ಅದಕ್ಕೇ ಆ ಹೆಸರು ಗುರುತಾಗಿ ನಿಂತಿತು. ಹಳ್ಳಿಹಳ್ಳಿಯಲ್ಲೂ ಹೀಗೇ ಆದ್ದರಿಂದ ದೇಶದ ತುಂಬ ಮುಲ್ಲರ್‌ಗಳೇ ಆದರು. ಎಷ್ಟರಮಟ್ಟಿಗೆ ಅಂದರೆ, ಬೆಂಗಳೂರಿನಲ್ಲಿ ನೀವು ಜರ್ಮನ್ ಕಲಿತ ಮ್ಯಾಕ್ಸ್ ಮುಲ್ಲರ್ ಭವನ ಯಾರ ಹೆಸರಿನಲ್ಲಿದೆಯೋ ಆ ಪಂಡಿತರಿಗೆ ಬರೀ ಮುಲ್ಲರ್ ಅಂದರೆ ಗುರುತೇ ಸಿಗದು ಅನ್ನಿಸಿತು. ಮ್ಯಾಕ್ಸ್ ಅನ್ನುವುದನ್ನೂ ಸರ್‌ನೇಮಿಗೆ ಸೇರಿಸಿಕೊಂಡರು.

ಬೇಸಾಯದ ಹೆಸರುಗಳು ಇಲ್ಲವೆಂದಲ್ಲ, ಅವು ಬೇರೆ ರೂಪದಲ್ಲಿ ಬಂದವು. ಹೂಬರ್ ಅಂದರೆ ಒಂದು ‘ಹೂಬೆ’ ಅಳತೆಯ ಜಮೀನು ಉಳುವವನು. ಲೇಮನ್ ಅಂದರೆ ಧಣಿಯಿಂದ ಜಮೀನು ಪಡೆದವನು. ಮಾಯರ್ ಅಂದರೆ ಧಣಿಯ ಪರವಾಗಿ ಹೊಲಮನೆ ನೋಡಿಕೊಳ್ಳುವ ಕಾರಭಾರಿ. ಶುಲ್ಟ್ಸ್ ಅಂದರೆ ಊರಿನ ಮುಖ್ಯಸ್ಥ, ಕಂದಾಯ ಎತ್ತುವವನು, ಹೆಚ್ಚುಕಡಿಮೆ ನಮ್ಮ ಗೌಡ, ಪಾಟೀಲರ ಹಾಗೆ. ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ ಬಡಿಗೇರ, ಕಮ್ಮಾರ, ಪತ್ತಾರ, ಹೊಸಮನಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲಾ ಅಡ್ಡಹೆಸರುಗಳೇ. ಹಾಗಾಗಿ ಇಲ್ಲಿನ ತ್ಸಿಮರ್‌ಮನ್ ಅಂದರೆ ಬಡಿಗೇರ, ನೊಯ್‌ಹೌಸ್ ಅಂದರೆ ಹೊಸಮನಿ ಅಂತ ತಿಳಿದ ದಿನ ನನಗೆ ತುಂಬ ಖುಷಿಯಾಗಿತ್ತು. ನೀವು ಮೈಸೂರು ಕಡೆಯವರು, ಇನಿಷಿಯಲ್ ಹಾಕಿ ಬೆಳೆದವರು. ಅದಕ್ಕೇ ನಿಮಗೆ ಸರ್‌ನೇಮ್ ಅನ್ನುವುದೇ ಪರಕೀಯ ಅನ್ನಿಸುತ್ತಿದೆ.

ಕೆಲಸ ಒಂದೇ ಆದರೂ ಸೀಮೆಗೊಂದು ಹೆಸರು. ರೊಟ್ಟಿ ಸುಡುವವನು ನಮ್ಮ ಈ ದಕ್ಷಿಣದಲ್ಲಿ ಬೆಕ್, ಉತ್ತರದ ಕಡೆ ಬೆಕರ್. ಲ್ಯಾಟಿನ್‌ನಿಂದ ಬಂದ ಫಿಸ್ಟರ್ ಅನ್ನುವುದೂ ಅದೇ. ಕುಂಬಾರ ಇಲ್ಲಿ ಹಾಫ್ನರ್, ಬೇರೆ ಕಡೆ ಟೋಫರ್. ಕಟುಕ ಇಲ್ಲಿ ಮೆಟ್ಸ್‌ಗರ್, ಪೂರ್ವದಲ್ಲಿ ಫ್ಲೈಷರ್. ಹೆಸರು ಕೇಳಿಯೇ ಇವರ ಹಿರಿಯರು ಯಾವ ಸೀಮೆಯವರು ಅಂತ ಇಲ್ಲಿನ ಹಳಬರು ಅಂದಾಜು ಮಾಡುತ್ತಾರೆ. ನಿಮ್ಮ ಆಫೀಸಿನಲ್ಲಿ ‘ಲೆ’ ಅಂತ ಮುಗಿಯುವ ಹೆಸರಿನವರು ಬಹಳ ಇರುತ್ತಾರೆ ನೋಡಿ: ಹೇಬರ್ಲೆ, ಬೊಯರ್ಲೆ, ನೇಗೆಲೆ. ಇದು ಅಪ್ಪಟ ಶ್ವಾಬಿಷ್, ಅಂದರೆ ಈ ಸ್ಟುಟ್‌ಗಾರ್ಟ್ ಸೀಮೆಯ ನುಡಿ. ಯಾವುದನ್ನಾದರೂ ಚಿಕ್ಕದು, ಮುದ್ದಿನದು ಅನ್ನಲು ಇವರು ‘ಲೆ’ ಸೇರಿಸುತ್ತಾರೆ. ಬೊಯರ್ಲೆ ಅಂದರೆ ಚಿಕ್ಕ ರೈತ. ಬರ್ಲಿನ್‌ನಲ್ಲಿ ಈ ಹೆಸರು ಹೇಳಿದರೆ ಸಾಕು, ‘ಓ, ಶ್ವಾಬನ್ ಕಡೆಯವರಾ’ ಅನ್ನುತ್ತಾರೆ.

ಮೈಕಟ್ಟು, ಸ್ವಭಾವ ನೋಡಿ ಇಟ್ಟವೂ ಇವೆ. ಕ್ಲೈನ್ ಕುಳ್ಳ, ಲಾಂಗೆ ಉದ್ದನೆಯವ, ಕ್ರೌಸೆ ಗುಂಗುರು ಕೂದಲಿನವ, ವೋಲ್ಫ್ ತೋಳ, ಫುಕ್ಸ್ ನರಿ. ತೋಳ ಅನ್ನುವಾಗ ನೆನಪಾಯಿತು, ನಮ್ಮ ಮಂಗಳೂರಿನ ಕ್ಯಾಥೊಲಿಕ್ ಗೆಳೆಯರ ಲೋಬೊ ಕೂಡ ಪೋರ್ಚುಗೀಸಿನಲ್ಲಿ ತೋಳವೇ. ಗೋವಾದಲ್ಲಿ ಅವರ ಹಿರಿಯರು ಕ್ರೈಸ್ತರಾದಾಗ ಬಂದ ಹೆಸರು. ಪಿರೇರಾ ಅಂದರೆ ಪೇರ್ ಹಣ್ಣಿನ ಮರ. ಫರ್ನಾಂಡಿಸ್ ಅಂದರೆ ಫರ್ನಾಂಡೊನ ಮಗ.

ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ವಲಸೆಯ ಹೆಸರುಗಳ ಬಗ್ಗೆ. ಪಟ್ಟಣಕ್ಕೆ ಹೊಸದಾಗಿ ಬಂದವನನ್ನು ಅವನ ಊರಿನ ಹೆಸರಿನಿಂದ ಕರೆಯುವುದು ಎಲ್ಲ ಕಡೆಯ ರೂಢಿ. ಬಾಯರ್ ಬವೇರಿಯಾದಿಂದ ಬಂದವನು. ಹೆಸ್ ಹೆಸ್ಸೆನ್‌ನಿಂದ. ಬೋಮ್ ಬೊಹೀಮಿಯಾದಿಂದ, ಅಂದರೆ ಈಗಿನ ಚೆಕ್ ದೇಶದಿಂದ. ಉಂಗರ್ ಹಂಗೇರಿಯಿಂದ. ಪೋಲ್ ಪೋಲೆಂಡಿನಿಂದ. ಎಲ್ಲಿಂದ ಬಂದನೋ ಬಿಡು, ಹೊಸಬ ಅಂದವರು ನೊಯ್‌ಮನ್ ಅಂದರು. ಪೋಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಹೆಸರು ನೋವಾಕ್, ಚೆಕ್ ದೇಶದಲ್ಲೂ ಅದೇ. ಅದರ ಅರ್ಥವೂ ಹೊಸಬ. ಅಂದರೆ ಮಧ್ಯ ಯುರೋಪಿನ ಎಷ್ಟೋ ಲಕ್ಷ ಮನೆಗಳ ಬಾಗಿಲಲ್ಲಿ ‘ಇವರು ಹೊರಗಿನಿಂದ ಬಂದವರು’ ಅಂತ ಬರೆದಿದೆ. ಹೊರಗಿನವರು ಅನ್ನುವ ಮಾತು ನಿಮಗೂ ಒಂದಲ್ಲ ಒಂದು ದಿನ ಇಲ್ಲಿ ಕೇಳಿಸುತ್ತದೆ. ಆಗ ಇದು ನೆನಪಿರಲಿ.

ಈಗ ಅಪ್ಪನ ಹೆಸರಿನ ವಿಷಯ. ಡೆನ್ಮಾರ್ಕಿನಲ್ಲಿ ಎಲ್ಲಿ ನೋಡಿದರೂ ನೀಲ್ಸನ್, ಯೆನ್ಸನ್, ಹಾನ್ಸನ್. ನೀಲ್ಸನ ಮಗ, ಯೆನ್ಸನ ಮಗ, ಹಾನ್ಸನ ಮಗ. ಮೊದಲು ಇದು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. 1828ರ ಆಜ್ಞೆಯ ನಂತರ ನಿಧಾನವಾಗಿ ಒಂದೇ ಕಡೆ ನಿಂತಿತು. ಇವತ್ತು ಯೆನ್ಸನ್ ಅನ್ನುವವರ ತಂದೆ ಯೆನ್ಸ್ ಅಲ್ಲ, ಎಂದೋ ಒಬ್ಬ ಅಜ್ಜ ಯೆನ್ಸ್ ಇದ್ದ ಅಷ್ಟೇ. ಐಸ್‌ಲ್ಯಾಂಡಿನವರು ಮಾತ್ರ ಬಿಟ್ಟುಕೊಡಲಿಲ್ಲ. ಅಲ್ಲಿ ಹೆಚ್ಚಿನವರಿಗೆ ಇಂದಿಗೂ ಸರ್‌ನೇಮ್ ಇಲ್ಲ. 1980ರಲ್ಲಿ ಅಲ್ಲಿನ ಅಧ್ಯಕ್ಷೆಯಾದ ವಿಗ್ದಿಸ್ ಫಿನ್ಬೊಗಾದೊತ್ತಿರ್ ಅವರ ಹೆಸರು ನೋಡಿ. ಹೆಸರು ವಿಗ್ದಿಸ್, ಉಳಿದದ್ದು ‘ಫಿನ್ಬೊಗಿಯ ಮಗಳು’ ಅಂತ. ಅಲ್ಲಿ ಫೋನ್ ಡೈರೆಕ್ಟರಿಯನ್ನೂ ಮೊದಲ ಹೆಸರಿನ ಪ್ರಕಾರವೇ ಜೋಡಿಸುತ್ತಿದ್ದರು. ನಿಮ್ಮದೂ ಇದೇ ಪದ್ಧತಿ ಅಲ್ವಾ? ಆಫೀಸಿನಲ್ಲಿ ಯಾರಾದರೂ ಕೇಳಿದರೆ ‘ನಮ್ಮದು ಐಸ್‌ಲ್ಯಾಂಡಿನ ಹಾಗೆ’ ಅನ್ನಿ. ತಟ್ಟನೆ ಅರ್ಥವಾಗುತ್ತದೆ, ಎರಡನೇ ಪ್ರಶ್ನೆ ಬರುವುದಿಲ್ಲ.

ಜರ್ಮನಿಯ ಒಳಗೇ ಉತ್ತರ ಸಮುದ್ರದ ದಂಡೆಯಲ್ಲಿ ಓಸ್ಟ್‌ಫ್ರೀಸ್‌ಲಾಂಡ್ ಅಂತ ಒಂದು ಸೀಮೆ ಇದೆ. ಅಲ್ಲಿನವರು ಅಪ್ಪನ ಹೆಸರನ್ನೇ ಹಚ್ಚಿಕೊಂಡು ಬಂದವರು. 1811ರಲ್ಲಿ ನೆಪೋಲಿಯನ್ ಆಳ್ವಿಕೆ ಅಲ್ಲಿಗೂ ಬಂದಾಗ ಎಲ್ಲರೂ ಖಾಯಂ ಸರ್‌ನೇಮ್ ಆರಿಸಿಕೊಳ್ಳಬೇಕು ಅಂತ ಹುಕುಂ ಆಯಿತು. ನೆದರ್‌ಲ್ಯಾಂಡಿಗೂ ಅದೇ ವರ್ಷ ಅದೇ ಹುಕುಂ. ಓಸ್ಟ್‌ಫ್ರೀಸ್‌ಲಾಂಡಿನವರು ಸುಲಭಕ್ಕೆ ಬಗ್ಗಲಿಲ್ಲ, ಎಷ್ಟೋ ವರ್ಷ ಹಳೇ ಪದ್ಧತಿಯನ್ನೇ ನಡೆಸಿದರು. ಈ ಸೀಮೆಯ ಹೆಸರು ನಿಮಗೆ ಯಾಕೆ ಹೇಳಿದೆ ಅಂದರೆ, ನಮ್ಮ ಕಿಟೆಲ್ ಹುಟ್ಟಿದ್ದು ಅಲ್ಲೇ. 1832ರಲ್ಲಿ, ರೆಸ್ಟರ್‌ಹಾಫೆ ಅನ್ನುವ ಹಳ್ಳಿಯಲ್ಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ನಿಮ್ಮ ಮನೆಯಿಂದ ರೈಲಿನಲ್ಲಿ ಹೋಗಿಬರಬಹುದಾದ ಟ್ಯೂಬಿಂಗೆನ್‌ನಲ್ಲಿ. ಕಿಟೆಲ್ ಅನ್ನುವುದೂ ಜರ್ಮನ್‌ನ ದಿನಬಳಕೆಯ ಮಾತೇ. ಕೆಲಸಕ್ಕೆ ನಿಂತಾಗ ಬಟ್ಟೆಯ ಮೇಲೆ ತೊಡುವ ನಿಲುವಂಗಿ. ಲ್ಯಾಬಿನಲ್ಲಿ ಕೆಲಸ ಮಾಡುವವರ ಬಾಯಲ್ಲಿ ನೀವು ದಿನಾ ಕೇಳಬಹುದು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಅವರ ಪ್ರತಿಮೆಯ ಕೆಳಗಿನ ಹೆಸರಿಗೆ ಇಷ್ಟು ಸಾದಾ ಅರ್ಥ ಇದೆ ಅಂತ ತಿಳಿದಾಗ ಅವರು ನನಗೆ ಇನ್ನೂ ಹತ್ತಿರದವರಾದರು.

ಜರ್ಮನಿಯಲ್ಲಿ ಹೆಸರು ಪೂರ್ತಿ ಗಟ್ಟಿಯಾದದ್ದು 1876ರ ಜನವರಿಯಿಂದ. ಆಗ ಇಡೀ ದೇಶಕ್ಕೆ ಸರ್ಕಾರಿ ನೋಂದಣಿ ಬಂತು. ಹುಟ್ಟು, ಮದುವೆ, ಸಾವು ಬರೆಯುವ ಕೆಲಸ ಚರ್ಚಿನ ಪಾದ್ರಿಗಳಿಂದ ಸರ್ಕಾರಿ ಕಚೇರಿಗೆ ಹೋಯಿತು. ಆ ಕಚೇರಿಗೆ ಸ್ಟಾಂಡೆಸಾಮ್ಟ್ ಅನ್ನುತ್ತಾರೆ. ಅಲ್ಲಿಯವರೆಗೆ ಪಾದ್ರಿ ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಅಣ್ಣನದು ಒಂದು ಕಾಗುಣಿತ, ತಮ್ಮನದು ಇನ್ನೊಂದು. ನೋಂದಣಿ ಬಂದಮೇಲೆ ಯಾರದು ಹೇಗಿತ್ತೋ ಹಾಗೇ ಉಳಿಯಿತು. ಮಾಯರ್ ಅನ್ನುವ ಒಂದೇ ಹೆಸರನ್ನು ನಾಲ್ಕು ಥರ ಬರೆಯುವುದು ಅದಕ್ಕೇ. ಆ ಹೆಸರಿನವರು ಫೋನಿನಲ್ಲಿ ಈಗಲೂ ಅಕ್ಷರ ಬಿಡಿಸಿಯೇ ಹೇಳಬೇಕು. ನೀವೂ ನಿಮ್ಮ ಹೆಸರನ್ನು ಅಕ್ಷರ ಬಿಡಿಸಿ ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಜಾತಿಯ ಬಗ್ಗೆ ಕೇಳಿದಿರಿ. ಆ ಭಯ ನನಗೂ ಅರ್ಥವಾಗುತ್ತದೆ. ನಮ್ಮಲ್ಲಿ ಅಡ್ಡಹೆಸರು ಕೇಳಿದರು ಅಂದರೆ ಇನ್ನೇನನ್ನೋ ಕೇಳುತ್ತಿದ್ದಾರೆ ಅಂತಲೇ ಅರ್ಥ. ಇಲ್ಲಿ ಹಾಗಿಲ್ಲ. ಶ್ನೈಡರ್ ಅನ್ನುವವರು ಬ್ಯಾಂಕಿನಲ್ಲಿ ಇರುತ್ತಾರೆ, ಮೆಟ್ಸ್‌ಗರ್ ಅನ್ನುವವರು ಮಾಂಸ ಮುಟ್ಟದೇ ಇರಬಹುದು. ಮದುವೆಗೆ, ಊಟಕ್ಕೆ, ಬಾಡಿಗೆ ಮನೆಗೆ ಈ ಹೆಸರುಗಳ ಹಳೇ ಕಸುಬನ್ನು ಯಾರೂ ಎಣಿಸುವುದಿಲ್ಲ. ಮೇಲುಕೀಳಿನ ಒಂದು ಗುರುತು ಉಳಿದಿರುವುದು ‘ಫೋನ್’ ಅನ್ನುವುದರಲ್ಲಿ. ಹೆಸರಿನ ನಡುವೆ ಅದಿದ್ದರೆ ಬಹಳ ಸಲ ಜಮೀನುದಾರ ಕುಲೀನರ ಮನೆತನ. 1919ರ ಸಂವಿಧಾನ ಅವರ ವಿಶೇಷ ಹಕ್ಕು ತೆಗೆದು, ಬಿರುದನ್ನು ಬರೀ ಹೆಸರಿನ ಭಾಗ ಮಾಡಿತು. ಪಕ್ಕದ ಆಸ್ಟ್ರಿಯಾ ಅದೇ ವರ್ಷ ಆ ಪದವನ್ನೇ ಹೆಸರಿನಿಂದ ತೆಗೆಸಿತು. ಡಚ್ಚರ ‘ಫಾನ್’ ಬೇರೆ, ಅದು ಸುಮ್ನೆ ‘ಆ ಊರಿನ’ ಅಂತ ಅಷ್ಟೇ. ಸಂಗೀತಗಾರ ಬೀಥೊವನ್ ಹೆಸರಿನಲ್ಲಿರುವುದು ಅದು. 1818ರಲ್ಲಿ ವಿಯೆನ್ನಾದ ಕುಲೀನರ ಕೋರ್ಟಿನಲ್ಲಿ ಅವರ ಮೊಕದ್ದಮೆ ನಡೆಯುತ್ತಿತ್ತು. ಅವರು ಕುಲೀನರಲ್ಲ ಅಂತ ಕೋರ್ಟಿಗೆ ತಿಳಿದಾಗ ಮೊಕದ್ದಮೆಯನ್ನು ಸಾಮಾನ್ಯರ ಕೋರ್ಟಿಗೆ ಕಳಿಸಿದರು.

ಹಾಗಂತ ಹೆಸರಿನಿಂದ ಇಲ್ಲಿ ಯಾರಿಗೂ ನೋವಾಗಿಲ್ಲ ಅಂತ ಅಲ್ಲ. ಯೆಹೂದಿಗಳೂ ಅಪ್ಪನ ಹೆಸರು ಹಚ್ಚಿಕೊಳ್ಳುತ್ತಿದ್ದವರು. 1787ರಲ್ಲಿ ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ ಅವರೆಲ್ಲ ಜರ್ಮನ್ ಸರ್‌ನೇಮ್ ಇಟ್ಟುಕೊಳ್ಳಲೇಬೇಕು ಅಂದ. ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದಲ್ಲಿ 1812ರಲ್ಲಿ ಅದೇ ಆಯಿತು. ನೂರು ಚಿಲ್ಲರೆ ವರ್ಷ ಆ ಹೆಸರುಗಳಲ್ಲೇ ಡಾಕ್ಟರಾಗಿ, ವಕೀಲರಾಗಿ, ವ್ಯಾಪಾರಿಗಳಾಗಿ ಬದುಕಿದರು. 1938ರಲ್ಲಿ ನಾಜಿಗಳು ಇನ್ನೊಂದು ಆಜ್ಞೆ ತಂದರು. ಹೆಸರಿನಿಂದ ಯೆಹೂದಿ ಅಂತ ಗೊತ್ತಾಗದ ಗಂಡಸರು ‘ಇಸ್ರೇಲ್’, ಹೆಂಗಸರು ‘ಸಾರಾ’ ಅಂತ ಸೇರಿಸಿಕೊಳ್ಳಬೇಕು. ಮುಂದೆ ಆದದ್ದು ನಿಮಗೆ ಗೊತ್ತು. ಸ್ಟುಟ್‌ಗಾರ್ಟಿನ ಫುಟ್‌ಪಾತ್‌ಗಳಲ್ಲಿ ಅಂಗೈ ಅಗಲದ ಹಿತ್ತಾಳೆಯ ಚೌಕಗಳು ನೆಲದಲ್ಲಿ ಕೂತಿರುವುದನ್ನು ನೋಡಿರುತ್ತೀರಿ. ಅವನ್ನು ಸ್ಟೋಲ್ಪರ್‌ಸ್ಟೈನ್ ಅನ್ನುತ್ತಾರೆ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದರು ಶುರುಮಾಡಿದ ಕೆಲಸ. ‘ಇಲ್ಲಿ ವಾಸವಿದ್ದರು’ ಅಂತ ಬರೆದು ಕೆಳಗೆ ಒಬ್ಬರ ಹೆಸರು, ಹುಟ್ಟಿದ ವರ್ಷ, ಕೊಂದ ಜಾಗ. ದಯವಿಟ್ಟು ದಾಟಿಕೊಂಡು ಹೋಗಬೇಡಿ, ನಿಂತು ಓದಿ. ಈ ಊರನ್ನು ನಮ್ಮದು ಅಂತ ಮಾಡಿಕೊಳ್ಳಬೇಕಾದರೆ ಅವರ ಹೆಸರೂ ನಮಗೆ ಗೊತ್ತಿರಬೇಕು ಅಂತ ನಾನು ನಂಬಿದ್ದೇನೆ.

ಇವತ್ತಿನ ತೊಂದರೆಯನ್ನೂ ಮುಚ್ಚಿಡುವುದಿಲ್ಲ. ಬಾಡಿಗೆ ಮನೆಗೆ ಅರ್ಜಿ ಹಾಕಿದಾಗ ಪರದೇಶಿ ಹೆಸರಿದ್ದರೆ ಉತ್ತರ ಬರುವುದು ಕಡಿಮೆ. ತುರ್ಕಿ ಮೂಲದ ಗೆಳತಿಯರು ಇದನ್ನು ಹುಟ್ಟಿದಾಗಿನಿಂದ ನೋಡಿದ್ದಾರೆ, ನಮ್ಮವರೂ ನೋಡುತ್ತಿದ್ದಾರೆ. 2006ರಿಂದ ಇದರ ವಿರುದ್ಧ ಕಾನೂನು ಇದೆ, ಸಲಹೆ ಕೊಡುವ ಸರ್ಕಾರಿ ಕಚೇರಿಯೂ ಇದೆ. ಇಂಥ ಕಾರಣಕ್ಕೆ ಹೆಸರನ್ನೇ ಬದಲಿಸಿದವರು ಹಿಂದೆಯೂ ಇದ್ದರು. ಜರ್ಮನಿಯ ಹಿಂದಿನ ಚಾನ್ಸಲರ್ ಅಂಗೆಲಾ ಮರ್ಕೆಲ್ ಅವರ ಅಜ್ಜ ಪೋಲೆಂಡಿನ ಪೊಜ್ನಾನ್‌ನವರು, ಹೆಸರು ಕಜ್ಮೆರ್ಚಾಕ್. 1930ರಲ್ಲಿ ಅದನ್ನು ಕಾಸ್ನರ್ ಅಂತ ಮಾಡಿಕೊಂಡರು. ಮರ್ಕೆಲ್ ಅನ್ನುವುದು ಅವರ ಮೊದಲ ಗಂಡನ ಮನೆಯ ಹೆಸರು. ಆ ಕಾಲ ಬೇರೆ, ಅವರ ಕಷ್ಟ ಬೇರೆ. ನೀವು ಹಾಗೆ ಮಾಡಬೇಕಾಗಿಲ್ಲ.

ನಿಮ್ಮ ಮೊದಲ ಮುಜುಗರಕ್ಕೆ ಒಂದು ಸುಲಭ ದಾರಿ ಇದೆ. ಜೊತೆಯಲ್ಲಿ ಕೆಲಸ ಮಾಡುವವರಿಗೆ ಮೊದಲ ಹೆಸರು ಹಿಡಿದು ಕರೆಯಿರಿ ಅಂತ ನೀವೇ ಹೇಳಿ. ಈಗಿನ ಕಂಪನಿಗಳಲ್ಲಿ ಅದೇ ರೂಢಿ. ಕಚೇರಿ, ಡಾಕ್ಟರ್, ಮನೆ ಮಾಲೀಕರು ಮಾತ್ರ ಹೆರ್ ಶಿವಣ್ಣ ಅನ್ನಲಿ. ಅದು ಅವರ ಮರ್ಯಾದೆ. ವಯಸ್ಸಾದ ನೆರೆಯವರನ್ನು ನೀವೂ ಹೆರ್, ಹೆಂಗಸರಾದರೆ ಫ್ರೌ ಸೇರಿಸಿಯೇ ಮಾತಾಡಿಸಿ. ಸಲಿಗೆಗೆ ಅವರೇ ಮುಂದಾಗುವವರೆಗೆ ಕಾಯಿರಿ.

ಇನ್ನು ಹೆಂಡತಿ, ಮಗು. 1976ರವರೆಗೆ ಇಲ್ಲಿ ಗಂಡನ ಹೆಸರೇ ಮನೆಯ ಹೆಸರಾಗಬೇಕಿತ್ತು. 1994ರಿಂದ ಇಬ್ಬರೂ ತಮ್ಮ ತಮ್ಮ ಹೆಸರನ್ನೇ ಇಟ್ಟುಕೊಳ್ಳಬಹುದು. 2025ರ ಮೇ 1ರಿಂದ ಗಂಡ ಹೆಂಡತಿ ಇಬ್ಬರ ಹೆಸರೂ ಸೇರಿಸಿ ಜೋಡಿ ಹೆಸರು ಮಾಡಿಕೊಳ್ಳುವ ಅವಕಾಶವೂ ಬಂದಿದೆ, ಮಕ್ಕಳಿಗೂ ಇಡಬಹುದು. ಹಾಗಾಗಿ ನಿಮ್ಮ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಅವರ ತಂದೆಯ ಹೆಸರಿದ್ದರೆ ಅದು ಹಾಗೇ ಇರಲಿ, ಇಲ್ಲಿಗೆ ಬರುವುದಕ್ಕೆಂದು ಬದಲಾಯಿಸಬೇಡಿ. ಕರೆಗಂಟೆಯ ಫಲಕದಲ್ಲಿ ಮಾತ್ರ ಎರಡೂ ಹೆಸರು ಬರೆಸಿ, ಇಲ್ಲದಿದ್ದರೆ ಅವರ ಕಾಗದ ವಾಪಸ್ ಹೋಗುತ್ತದೆ.

ಮಗುವಿಗೆ ಏನು ಬರೆಸಬೇಕು ಅನ್ನುವುದನ್ನು ಇಬ್ಬರೂ ಕೂತು ಹೆರಿಗೆಗೆ ಮೊದಲೇ ತೀರ್ಮಾನ ಮಾಡಿ. ನಿಮ್ಮ ಸರ್‌ನೇಮ್ ಕೊಟ್ಟರೆ ಮಗುವಿನ ಅಜ್ಜನ ಹೆಸರು ಮುಂದುವರಿಯುತ್ತದೆ. ನಮ್ಮ ಪದ್ಧತಿಯಂತೆ ನಿಮ್ಮ ಸ್ವಂತ ಹೆಸರನ್ನೇ ಸರ್‌ನೇಮ್ ಮಾಡಬೇಕು ಅನ್ನಿಸಿದರೆ ಅದಕ್ಕೆ ದಾರಿ ಇದೆಯಾ ಅಂತ ಸ್ಟಾಂಡೆಸಾಮ್ಟ್‌ನಲ್ಲಿ ಮುಂಚೆಯೇ ಹೋಗಿ ಕೇಳಿ. ನಿಮ್ಮಿಬ್ಬರ ಜನನ ಪ್ರಮಾಣಪತ್ರ ಮತ್ತು ಮದುವೆ ಪ್ರಮಾಣಪತ್ರವನ್ನು ಊರಿನಿಂದ ಈಗಲೇ ತರಿಸಿ. ಮೂರರಲ್ಲೂ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನ ಹಾಗೇ ಇರಬೇಕು. ‘ಎಸ್.’ ‘ಕೆ.’ ಅಂತ ಇನಿಷಿಯಲ್ ಇದ್ದರೆ ಬಿಡಿಸಿ ಬರೆಸಿ, ಚುಕ್ಕೆ ಹಾಕಿದ ಅಕ್ಷರ ಇಲ್ಲಿ ಹೆಸರು ಅನ್ನಿಸಿಕೊಳ್ಳುವುದಿಲ್ಲ. ನಮ್ಮ ಕಡೆಯ ಹಳೇ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲೇ ತಿದ್ದುಪಡಿ ಬೇಕಾದರೆ ನಾವಿರುವ ಈ ಜರ್ಮನ್ ರಾಜ್ಯಕ್ಕೆ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್. ಅದಕ್ಕೆ ಸಮಯ ಹಿಡಿಯುತ್ತದೆ, ಹೆರಿಗೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಕಾಗದಗಳು ಕೈಗೆ ಬಂದಮೇಲೆ ಬರೆಯಿರಿ. ಸ್ಟಾಂಡೆಸಾಮ್ಟ್‌ಗೆ ಹೋಗುವ ದಿನ ಜೊತೆಗೆ ಯಾರಾದರೂ ಬೇಕು ಅನ್ನಿಸಿದರೆ ನಾನು ಬರುತ್ತೇನೆ.